ಕಾಗೆ ಬದರಿ ಮೇಲೆ ಹೋಗಿ ಬಂದದ್ದು

ಚಾಮರಾಜಪೇಟೆಯ ಐದನೇ ಕ್ರಾಸಿನಲ್ಲಿ ನಿಂತು ಬದರೀನಾರಾಯಣ ಅವರ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕಾಗೆ ಬದರಿ ಎಂದರೆ ಸಾಕು, ಮೂರು ಜನ ಒಟ್ಟಿಗೇ ಕೈ ತೋರಿಸುತ್ತಾರೆ, ಅದರಲ್ಲಿ ಒಬ್ಬರಾದರೂ ನಗುತ್ತಾರೆ. ಮನುಷ್ಯ ಕಪ್ಪಗೇನೂ ಇಲ್ಲ, ಅರವತ್ತೆಂಟು ವರ್ಷಕ್ಕೂ ಒಳ್ಳೆಯ ಗೋಧಿ ಬಣ್ಣ. ಈ ಬಿರುದು ಬಂದದ್ದು ಬಣ್ಣದಿಂದಲ್ಲ, ಹಾರಿಸಿದ್ದರಿಂದ. ಹಳೆಯ ಬಡಾವಣೆಯ ಜನ ನಾವು, ಯಾರನ್ನೂ ಮುಖದ ಮೇಲೆ ಸುಳ್ಳುಗಾರ ಎನ್ನುವಷ್ಟು ಒರಟರಲ್ಲ. ಕಾಗೆ ಹಾರಿಸ್ತಾರೆ ಎನ್ನುತ್ತೇವೆ, ಎಂದು ಅವರ ಮನೆಯಲ್ಲೇ ಕೂತು ಕಾಫಿ ಕುಡಿಯುತ್ತೇವೆ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಕಾಗೆಯನ್ನು ಹಾರಿಸಿದ್ದು ಬದರಿಯಲ್ಲ, ಅವರ ಅಪ್ಪ. ಅದು 1983. ಶೇಷಾದ್ರಿಪುರದಲ್ಲಿ ಪಂಚಾಂಗ ಗಣಿಸುವ ಅನಂತಕೃಷ್ಣ ಜೋಯಿಸರ ಮನೆ. ಒಳಗೆ ಹೆಣ್ಣು ಚೂಡಾಮಣಿ, ಹೊರಗೆ ಚಾಪೆಯ ಮೇಲೆ ಗಂಡಿನ ಕಡೆಯವರು, ನಡುವೆ ಉಪ್ಪಿಟ್ಟು ಕೇಸರಿಬಾತು. ಹುಡುಗ ವಿಮಾನ ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಜೋಯಿಸರು ಕೇಳಿದರು. ಹುಡುಗ ಮಾಡುತ್ತಿದ್ದದ್ದು ಹೊಲಿಗೆ. ಹಳೆಯ ಕಾಲದ ಸಣ್ಣ ವಿಮಾನಗಳ ರೆಕ್ಕೆ ತಗಡಿನದಲ್ಲ, ಬಟ್ಟೆಯದು. ಒಳಗೆ ಹಗುರವಾದ ಚೌಕಟ್ಟು, ಅದರ ಮೇಲೆ ಬಿಗಿಯಾಗಿ ಎಳೆದು ಹೊಲಿದ ಬಟ್ಟೆ. ಆ ಬಟ್ಟೆ ಹೊಲಿಯುವ ವಿಭಾಗಕ್ಕೆ ಬದರಿ ಇಪ್ಪತ್ತೊಂದನೇ ವಯಸ್ಸಿಗೆ ಸೇರಿದ್ದರು. ಮೇಷ್ಟರ ಮಗ ಟೈಲರ್ ಆದ ಎಂದು ಹೇಳಲು ಅಪ್ಪನಿಗೆ ನಾಲಿಗೆ ಬರಲಿಲ್ಲ. ಅವರು ಕೇಸರಿಬಾತಿನ ತಟ್ಟೆ ಕೆಳಗಿಟ್ಟು, "ರೆಕ್ಕೆಯ ಜವಾಬ್ದಾರಿಯೆಲ್ಲ ನಮ್ಮ ಹುಡುಗನದೇ. ವಾರಕ್ಕೆ ನಾಲ್ಕೈದು ಸಲ ಮೇಲೆ ಹೋಗಿ ಬರ್ತಾನೆ," ಎಂದುಬಿಟ್ಟರು.

ಅದು ಪೂರ್ತಿ ಸುಳ್ಳೂ ಅಲ್ಲ. ಹೊಲಿಗೆ ವಿಭಾಗ ಇದ್ದದ್ದು ಕಾರ್ಖಾನೆಯ ಮೊದಲನೇ ಮಹಡಿಯಲ್ಲಿ. ಆದರೆ ಜೋಯಿಸರು ಸೂರು ನೋಡಿದರು, ಸೂರಿನಾಚೆಯ ಆಕಾಶ ನೋಡಿದರು, ಆಮೇಲೆ ಹುಡುಗನನ್ನು ಬಹಳ ಗೌರವದಿಂದ ನೋಡಿದರು. ಹುಡುಗ ಏನೂ ಹೇಳಲಿಲ್ಲ, ತಲೆ ತಗ್ಗಿಸಿ ದ್ರಾಕ್ಷಿ ಆರಿಸಿ ತಿನ್ನುತ್ತಿದ್ದ. ಆ ಸುಳ್ಳಿನಲ್ಲಿ ಬದರಿಯ ಪಾಲು ಆ ಮೌನ.

ಮದುವೆಯಾದ ಎರಡನೇ ವಾರ ಬಟ್ಟೆ ಒಗೆಯುವಾಗ ಗಂಡನ ಅಂಗಿ ಜೇಬಿನಲ್ಲಿ ಚೂಡಾಮಣಿಗೆ ಒಂದು ಹಿತ್ತಾಳೆಯ ಟೊಪ್ಪಿಗೆ ಸಿಕ್ಕಿತು, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವಂಥದ್ದು. ಅವರು ಅದನ್ನು ಒರೆಸಿ, ರಾತ್ರಿಯ ಊಟಕ್ಕೆ ಎಲೆ ಹಾಕಿದಾಗ ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಇಟ್ಟರು. ಬದರಿ ನೋಡಿದರು. ಎತ್ತಿ ಪಕ್ಕಕ್ಕಿಟ್ಟರು. ಚೂಡಾಮಣಿ ಸಾರು ಬಡಿಸಿದರು. ತವರಿನಲ್ಲಿ ಹೇಳಿದರೆ ಅಪ್ಪನ ಮುಖ ಹೇಗಾಗಬಹುದು ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಅಲ್ಲಿಯೂ ಹೇಳಲಿಲ್ಲ.

ಜೋಯಿಸರಂತೂ ಅಳಿಯನನ್ನು ಇಡೀ ಶೇಷಾದ್ರಿಪುರದ ಮೇಲೆ ಹಾರಿಸಿದರು. ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಬಂದು, "ನಮ್ಮ ಅಳಿಯಂದಿರಿರಬೇಕು," ಎಂದು ಕೈ ಮುಗಿಯುತ್ತಿದ್ದರು. ಅವರು ಪ್ರಾಣ ಬಿಟ್ಟಾಗಲೂ ಬದರಿ ಅವರ ಲೆಕ್ಕದಲ್ಲಿ ಮೋಡಗಳ ನಡುವೆಯೇ ಇದ್ದರು. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲಿಗೆ ಹೋದರೂ ಹೆಂಡತಿಯ ಕಡೆಯ ನೆಂಟರು ಸುತ್ತ ಕೂತು, "ಮೇಲೆ ಹೇಗಿರತ್ತೆ ಭಾವ?" ಎಂದು ಕೇಳುತ್ತಿದ್ದರು. ಬದರಿ ಸ್ವಲ್ಪ ಹೊತ್ತು ಯೋಚಿಸಿದವರಂತೆ ಮಾಡಿ, "ತಣ್ಣಗಿರತ್ತೆ," ಎನ್ನುತ್ತಿದ್ದರು. ಕ್ರಮೇಣ ಅದಕ್ಕೆ ಎರಡು ಮೋಡ ಸೇರಿದವು, ಒಂದು ಸಲ ಮಂಡ್ಯದ ಹತ್ತಿರ ಮಿಂಚೂ ಸೇರಿತು. ಪ್ರಶ್ನೆ ಶುರುವಾದ ಕೂಡಲೇ ಚೂಡಾಮಣಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಊರೆಲ್ಲ ಕೇಳಿದ ಆ ಪ್ರಶ್ನೆಯನ್ನು ಕೇಳದವರೆಂದರೆ ಅವರೊಬ್ಬರೇ.

ಇಷ್ಟಾಗಿ ಬದರಿ ನಿಜವಾಗಿ ಒಂದು ಸಲವೂ ಹಾರಿರಲಿಲ್ಲ. ಬಟ್ಟೆಯ ವಿಮಾನಗಳ ಕಾಲ ಮುಗಿದು, ವಿಭಾಗ ಸಣ್ಣದಾಗಿ, ಕೊನೆಯ ಹತ್ತು ವರ್ಷ ಅವರು ಹೊಲಿದದ್ದು ಸೀಟಿನ ಕವರು ಮತ್ತು ದೊಡ್ಡ ಸಾಹೇಬರ ಕೋಣೆಯ ಪರದೆ. ನಿವೃತ್ತರಾದ ಮೇಲೆ ಮಗಳು ಸುಪ್ರಜಾ, "ಅಪ್ಪ, ಹೈದರಾಬಾದಿಗೆ ಟಿಕೆಟ್ ತೆಗೀತೀನಿ, ಒಂದ್ಸಲ ಕೂತ್ಕೊಂಡು ಬಂದ್ಬಿಡಿ," ಎಂದಳು. "ನಾನು ಹೊಲೀದೆ ಇರೋ ರೆಕ್ಕೆ ನನ್ನ ಹೊರೋದು ಬೇಡ," ಎಂದು ಬದರಿ ಪೇಪರು ಎತ್ತಿಕೊಂಡರು. ಇದನ್ನು ಅಹಂಕಾರ ಎನ್ನುವವರು ಎನ್ನಬಹುದು. ಅವರಿಗೆ ಒಳಗೊಳಗೆ ಇದ್ದದ್ದು ಒಂದೇ ಆಸೆ: ಸಾಯುವ ಮುಂಚೆ ತಾನು ಹೊಲಿದ ರೆಕ್ಕೆಯ ಕೆಳಗೆ ಒಂದು ಸಲ ಕೂತು ನೆಲ ಬಿಡಬೇಕು, ಅಪ್ಪ ಆಡಿದ ಮಾತು ತಡವಾಗಿಯಾದರೂ ನಿಜವಾಗಬೇಕು.

ಇಂಥ ಆಸೆ ಕೈಗೂಡಿಸಲು ದೇವರು ಕಳಿಸಿದ್ದು ಒಬ್ಬ ಲೇಔಟ್ ಮಾಲೀಕನನ್ನು. ಮರಿಯಣ್ಣನ ತಾತ ರಾಗಿ ಬೆಳೆದ ಹೊಲದಲ್ಲಿ ಮರಿಯಣ್ಣ ಸೈಟು ಬೆಳೆದವರು. ದೇವನಹಳ್ಳಿ ಕಡೆಯ ಹೊಸ ಬಡಾವಣೆಗೆ 'ಏರೋ ಎನ್‌ಕ್ಲೇವ್' ಎಂದು ಹೆಸರಿಟ್ಟು, ಬಾಗಿಲಲ್ಲಿ ಆನೆಯ ಬದಲು ವಿಮಾನ ನಿಲ್ಲಿಸಬೇಕೆಂದು ಹುಡುಕಿ, ಒಂದು ಕಾಲೇಜಿನ ಹಿತ್ತಲಲ್ಲಿ ಪಾರಿವಾಳಗಳಿಗೆ ಮನೆಯಾಗಿದ್ದ ಹಳೆಯ ಪುಷ್ಪಕ್ ವಿಮಾನವನ್ನು ಕೊಂಡು ತಂದರು. ಅರವತ್ತರ ದಶಕದ್ದು, ಅಕ್ಕಪಕ್ಕ ಇಬ್ಬರು ಕೂರುವಂಥದ್ದು. ರೆಕ್ಕೆಯ ಬಟ್ಟೆ ಹರಿದು ಚಿಂದಿಯಾಗಿತ್ತು. ಮರಿಯಣ್ಣನಿಗೆ ಅದು ಕಂಬದ ಮೇಲೆ ನಿಂತರೆ ಸಾಕಿತ್ತು. ಆದರೆ ಅವರ ಮಗಳು ರಕ್ಷಿತಾ ವಿಮಾನ ನಡೆಸಲು ಕಲಿತವಳು. "ಅಪ್ಪ, ಇದನ್ನ ಒಂದ್ಸಲ ಹಾರಿಸದೆ ಕಂಬಕ್ಕೆ ಏರಿಸಿದ್ರೆ ನಾನು ಮನೆಗೆ ಬರಲ್ಲ," ಎಂದು ಕೂತಳು. ಮಗಳ ಮುಂದೆ ಮರಿಯಣ್ಣ ಯಾವತ್ತೂ ಗೆದ್ದವರಲ್ಲ.

ಇಂಜಿನ್ ರಿಪೇರಿಗೆ ಜನ ಸಿಕ್ಕರು. ಬಟ್ಟೆ ಹೊಲಿಯುವವರು ಸಿಗಲಿಲ್ಲ. ನಿವೃತ್ತರ ಸಂಘದ ಪಟ್ಟಿಯಲ್ಲಿ ಹೆಸರು ಹಿಡಿದು ರಕ್ಷಿತಾ ಐದನೇ ಕ್ರಾಸಿಗೆ ಬಂದು, ಬೆಳಗಿನ ಕಾಫಿ ಗುಂಪಿನ ಎದುರು ನಿಂತು, ಹೆಲ್ಮೆಟ್ ತೆಗೆಯದೆ ದೊಡ್ಡ ದನಿಯಲ್ಲಿ ಕೇಳಿದಳು.

"ಸರ್, ಇಲ್ಲಿ ಏರೋಪ್ಲೇನ್‌ಗೆ ಬಟ್ಟೆ ಹೊಲಿಯೋ ಟೈಲರ್ ಮನೆ ಯಾವ್ದು?"

ಪಕ್ಕದ ಮನೆಯ ವೇಣುಗೋಪಾಲ್ ಲೋಟ ಕೆಳಗಿಟ್ಟರು. "ಟೈಲರ್ ಯಾರೂ ಇಲ್ಲಮ್ಮ. ಪೈಲಟ್ ಒಬ್ರು ಇದಾರೆ."

"ಬದರೀನಾರಾಯಣ ಅಂತ. ಫ್ಯಾಬ್ರಿಕ್ ವಿಭಾಗ."

ಗುಂಪಿನ ಉಳಿದ ಲೋಟಗಳೂ ಕೆಳಗಿಳಿದವು, ಆಮೇಲೆ ನಗು ಎದ್ದಿತು. ಕಾಗೆ ಎಂಬ ಬಿರುದು ಅನುಮಾನದ ಮೇಲೆ ಮೊದಲೇ ಬಂದಿತ್ತು, ಅವತ್ತು ಅದಕ್ಕೆ ಸೀಲು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಶೇಷಾದ್ರಿಪುರ ಮುಟ್ಟಿತು. ಚೂಡಾಮಣಿಯ ತಮ್ಮನ ಹೆಂಡತಿ ಫೋನು ಮಾಡಿ, "ನಮ್ಮ ಮನೆ ಸೋಫಾ ಕವರ್ ಹರಿದಿದೆ ಅತ್ತಿಗೆ, ಭಾವನಿಗೆ ಪುರುಸೊತ್ತಿದ್ಯಾ?" ಎಂದು ವಿಚಾರಿಸಿದಳು. ಚೂಡಾಮಣಿ, "ವಿಮಾನದ ಕೆಲಸ ಬಂದಿದೆ, ಅದು ಮುಗೀಲಿ," ಎಂದು ಫೋನಿಟ್ಟರು. ಬದರಿ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಆ ಸಂಜೆ ಅವರು ಮರಿಯಣ್ಣನ ಎದುರು ಇಟ್ಟದ್ದು ಒಂದೇ ಷರತ್ತು.

"ಕೂಲಿ ನಿಮ್ಮ ಇಷ್ಟ. ಪಕ್ಕದ ಸೀಟಲ್ಲಿ ನನ್ನ ಒಂದು ಸುತ್ತು ಕರ್ಕೊಂಡು ಹೋಗ್ಬೇಕು."

"ಅಷ್ಟೇನಾ ಸ್ವಾಮಿ! ಮೊದಲ್ನೇ ಸವಾರಿ ನಿಮ್ದೇ ಅಂತ ಬರ್ಕೊಳಿ," ಎಂದು ಮರಿಯಣ್ಣ ಬದರಿಯ ಎರಡೂ ಕೈ ಹಿಡಿದುಕೊಂಡರು. ಆ ಗಳಿಗೆಯಲ್ಲಿ ಅವರು ನಿಜವಾಗಿಯೇ ಹೇಳಿದ್ದರು. ಒಳ್ಳೆಯ ಮನುಷ್ಯರ ತೊಂದರೆಯೇ ಅದು, ಎಲ್ಲ ಮಾತನ್ನೂ ನಿಜವಾಗಿಯೇ ಕೊಡುತ್ತಾರೆ, ಎಲ್ಲರಿಗೂ ಕೊಡುತ್ತಾರೆ.

ಅಕ್ಕಿಪೇಟೆಯಲ್ಲಿ ಮರಿಯಣ್ಣನ ಭಾವಮೈದುನನ ಖಾಲಿ ಗೋಡೌನು ಇತ್ತು. ರೆಕ್ಕೆಗಳು ಅಲ್ಲಿಗೆ ಬಂದವು. ಮಾರ್ಕೆಟ್ಟಿನ ನಡುವೆ ಟೆಂಪೋ ನಿಂತಾಗ ಹೂವಿನವರೊಬ್ಬರು ಇದು ಯಾವ ದೇವರ ಪಲ್ಲಕ್ಕಿಯೆಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಮೊಳ ಸೇವಂತಿಗೆ ಇಟ್ಟಿದ್ದರು.

ರೆಕ್ಕೆ ಹೊಲಿಯಲು ಇಬ್ಬರು ಬೇಕು. ಬಾಗಿಲು ನಿಲ್ಲಿಸಿದ ಹಾಗೆ ರೆಕ್ಕೆಯನ್ನು ನಿಲ್ಲಿಸಬೇಕು. ಒಬ್ಬರು ಈ ಕಡೆಯಿಂದ ಗೇಣುದ್ದದ ಸೂಜಿಯನ್ನು ಚೌಕಟ್ಟಿನ ಅಡ್ಡಪಟ್ಟಿಯ ಪಕ್ಕಕ್ಕೆ ಚುಚ್ಚಿದರೆ ಇನ್ನೊಬ್ಬರು ಆ ಕಡೆ ಅದನ್ನು ಹಿಡಿದು, ಪಟ್ಟಿಯ ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ಕಳಿಸಬೇಕು. ಮೇಣ ಹಚ್ಚಿದ ದಾರ, ಎರಡೂವರೆ ಇಂಚಿಗೊಂದು ಗಂಟು. ಗಂಟು ಸಡಿಲವಾದರೆ ಬಟ್ಟೆ ಮೇಲೇಳುತ್ತದೆ, ಬಟ್ಟೆ ಎದ್ದರೆ ವಿಮಾನ ಇಳಿಯುತ್ತದೆ, ಅದು ಇಳಿಯಬೇಕಾದ ಜಾಗದಲ್ಲಲ್ಲ. ಮರಿಯಣ್ಣ ಕಳಿಸಿದ ಇಬ್ಬರು ಟೈಲರುಗಳು ಒಂದೇ ದಿನಕ್ಕೆ ಕೈ ಮುಗಿದು ಹೋದರು. ಮೂರನೆಯ ದಿನ ಬದರಿ ಊಟದ ಡಬ್ಬಿ ಮರೆತು ಹೋಗಿದ್ದರು. ಅದನ್ನು ತಲುಪಿಸಲು ಬಂದ ಚೂಡಾಮಣಿ ರೆಕ್ಕೆಯ ಆಚೆ ಬದಿಗೆ ಹೋಗಿ ಒಂದು ಸ್ಟೂಲು ಎಳೆದುಕೊಂಡರು.

"ಚುಚ್ಚಿ," ಎಂದರು.

ಐದು ತಿಂಗಳು ಗಂಡಹೆಂಡತಿ ಹಾಗೆ ಕೂತರು. ಒಬ್ಬರ ಮುಖ ಒಬ್ಬರಿಗೆ ಕಾಣದು, ನಡುವೆ ಸೂಜಿ ಹೋಗಿ ಬರುತ್ತಿತ್ತು. ಮೊದಮೊದಲು ಆಚೆಯಿಂದ ಬರುತ್ತಿದ್ದದ್ದು ಸೂಜಿ ಮಾತ್ರ. ಒಂದು ದಿನ ಅದರ ಹಿಂದೆ ಮಾತೂ ಬಂತು.

"ಟೈಲರ್ ಅಂತ ಅವತ್ತೇ ಹೇಳಿದ್ರೆ ನಮ್ಮಪ್ಪ ಬೇಡ ಅಂತಿದ್ರು."

"ಹೂಂ."

"ನಾನು ಹೂಂ ಅಂತಿದ್ನೋ ಏನೋ. ನನ್ನ ಯಾರು ಕೇಳಿದ್ರು? ಎಳೀರಿ ದಾರ."

ಬದರಿ ದಾರ ಎಳೆದರು. ಆ ಗಂಟು ಉಳಿದೆಲ್ಲ ಗಂಟಿಗಿಂತ ಬಿಗಿಯಾಯಿತು, ಬಿಚ್ಚಿ ಮತ್ತೆ ಹಾಕಬೇಕಾಯಿತು.

ಚೂಡಾಮಣಿ ಗೋಡೌನಿಗೂ ತಮ್ಮ ಪಂಚಾಂಗವನ್ನು ತಂದಿದ್ದರು. ರಾಹುಕಾಲದಲ್ಲಿ ಹೊಸ ಸಾಲು ಹೊಲಿಯಲು ಬಿಡುತ್ತಿರಲಿಲ್ಲ, ಹಳೆಯ ಸಾಲು ಮುಂದುವರಿಸಬಹುದಿತ್ತು. ಆ ಮನೆಯಲ್ಲಿ ರಾಹುಕಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದ್ದಿಲ್ಲ, ಹೊಸ ಸೀರೆ ಮಡಿಕೆ ಬಿಚ್ಚಿದ್ದಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಎಂದು ಸುಪ್ರಜಾಳನ್ನು ಏಳೂಕಾಲಿಗೇ ಶಾಲೆಗೆ ಅಟ್ಟುತ್ತಿದ್ದರು, ಹತ್ತು ವರ್ಷ ಪ್ರತಿ ಸೋಮವಾರ ಆ ಹುಡುಗಿ ವಾಚ್‌ಮನ್ ಪಕ್ಕ ಕೂತು ಗೇಟು ತೆರೆಯುವುದನ್ನು ಕಾದಿದ್ದಳು. ಬಟ್ಟೆಯ ವಿಷಯದಲ್ಲಿ ಬದರಿಯ ಮಾತು ಕೊನೆ, ಗಳಿಗೆಯ ವಿಷಯದಲ್ಲಿ ಚೂಡಾಮಣಿಯದು. ಇದರಲ್ಲಿ ಅವರ ನಡುವೆ ಎಂದೂ ಜಗಳವಾಗಿಲ್ಲ.

ಹೊಲಿಗೆ ಮುಗಿಯಿತು. ಬಟ್ಟೆ ಬಿಗಿಯಾಗಲು ಹಚ್ಚುವ ಮೆರುಗೆಣ್ಣೆಯ ಬಾಳೆಹಣ್ಣಿನಂಥ ವಾಸನೆ ಇಡೀ ಅಕ್ಕಿಪೇಟೆಗೆ ಹಬ್ಬಿ, ಅದೂ ಮುಗಿಯಿತು. ರೆಕ್ಕೆಗಳು ಊರಾಚೆಯ ಒಂದು ಖಾಸಗಿ ರನ್‌ವೇಗೆ ಹೋಗಿ ವಿಮಾನಕ್ಕೆ ಸೇರಿದವು. ವಿಮಾನಯಾನ ಇಲಾಖೆಯ ಕಾಗದಪತ್ರದವರು ಬಂದು ನೋಡಿದರು. ಹೊಲಿದವರ ಅನುಭವ ಎಷ್ಟು ಎಂಬ ಕಲಮಿಗೆ ಬದರಿಯದು ಮೂವತ್ತೊಂಬತ್ತು ವರ್ಷ ಎಂದು ಬರೆದು, ಎರಡನೆಯವರದು ಏನು ಬರೆಯಲಿ ಎಂದು ಕೇಳಿದರು. "ನಲವತ್ತೆರಡು," ಎಂದರು ಚೂಡಾಮಣಿ, ತಾಳಿ ಕಟ್ಟಿಸಿಕೊಂಡ ದಿನದಿಂದ ಎಣಿಸಿ. ಬರೆದುಕೊಂಡು ಹೋದರು. ರಕ್ಷಿತಾ ಒಬ್ಬಳೇ ಮೂರು ಸಲ ಹಾರಿಸಿ ಪರೀಕ್ಷಿಸಿದಳು. ಅನುಮತಿ ಸಿಕ್ಕಿದ್ದು ಮೇ ತಿಂಗಳ ಒಂದು ಸೋಮವಾರದ ಪ್ರದರ್ಶನಕ್ಕೆ ಮಾತ್ರ. ಮರುದಿನವೇ ವಿಮಾನ ಏರೋ ಎನ್‌ಕ್ಲೇವಿನ ಗ್ರಾನೈಟ್ ಕಂಬ ಹತ್ತಬೇಕಿತ್ತು. ಬದರಿ ಹಾರುವುದಾದರೆ ಆ ದಿನ, ಇಲ್ಲವಾದರೆ ಇಲ್ಲ.

ಆಹ್ವಾನ ಪತ್ರಿಕೆ ಬಂತು. ಮದುವೆ ಕಾರ್ಡಿನಷ್ಟೇ ದಪ್ಪ, ಗಣಪತಿ ಕೂಡ ಇದ್ದ. 'ಮೊದಲ ಪ್ರಯಾಣಿಕರು: ಜನಪ್ರಿಯ ಮಾಜಿ ಕಾರ್ಪೊರೇಟರ್ ಶ್ರೀ ದೊರೆಸ್ವಾಮಿಯವರು' ಎಂದು ಚಿನ್ನದ ಅಕ್ಷರ. ಕೊನೆಯ ಪುಟದ ತಳದಲ್ಲಿ 'ಹಿರಿಯ ತಂತ್ರಜ್ಞರಾದ ಶ್ರೀ ಬದ್ರಿನಾಥ್ ಅವರಿಗೆ ಸನ್ಮಾನ'. ಮರಿಯಣ್ಣ ತಾವೇ ಬಂದು ಕಾರ್ಡು ಕೊಟ್ಟರು, ಕಾಫಿ ಬೇಡವೆಂದರು, ಬದರಿಯ ಮುಖ ಬಿಟ್ಟು ಉಳಿದೆಲ್ಲ ನೋಡಿದರು.

"ಏನ್ ಮಾಡೋದು ಸ್ವಾಮಿ, ಲೇಔಟ್‌ಗೆ ನೀರಿನ ಲೈನ್ ದೊರೆಸ್ವಾಮಣ್ಣನ ಕೈಯಲ್ಲಿ ಐತೆ. ತಾನೇ ಕುಂತ್ಕೋತೀನಿ ಅಂದ್ರೆ ಬ್ಯಾಡ ಅನ್ನಕ್ಕಾಯ್ತದಾ? ನಿಮ್ಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿ ದೊಡ್ಡದೇ ಹೇಳಿವ್ನಿ."

ಬದರಿ ಏನೂ ಹೇಳಲಿಲ್ಲ. ಬೇಡ ಎನ್ನಬೇಕಾದ ಕಡೆ ಸುಮ್ಮನಿರುವುದು ಅವರ ಹಳೆಯ ರೋಗ. ಆದರೆ ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಅರವತ್ತೆಂಟು ವರ್ಷದ ಗಂಡಸು ಒಂದು ಸೀಟಿಗಾಗಿ ಕಲಸಿದ ಅನ್ನ ಬಿಟ್ಟು ಎದ್ದದ್ದನ್ನು ಚೂಡಾಮಣಿ ನೋಡಿದರು. ಕಾರ್ಡನ್ನು ಎರಡು ಸಲ ಓದಿ, ಪಂಚಾಂಗದೊಳಗೆ ಇಟ್ಟರು.

ಸೋಮವಾರ ಬೆಳಗ್ಗೆ ಮರಿಯಣ್ಣ ಕಳಿಸಿದ ಕಾರಿನಲ್ಲಿ ದಂಪತಿ ಹೊರಟರು. ಹೆಬ್ಬಾಳದ ಫ್ಲೈಓವರ್ ಏರಿದಾಗ ಇನ್ನೇನು ಆರು ಗಂಟೆ. ಕೆರೆಯ ನೀರಿನ ಮೇಲೆ ಬಿಸಿಲು ಆಗಲೇ ಬಿದ್ದಿತ್ತು. ಬಲಗಡೆ ಕೂತಿದ್ದ ಚೂಡಾಮಣಿ ಬಿಸಿಲಿಗೆ ಸೆರಗು ಅಡ್ಡ ಹಿಡಿದರು.

ದೊಡ್ಡ ವಿಮಾನಗಳ ನಡುವೆ ಬಿಡುವು ಮಾಡಿ ಪುಷ್ಪಕ್‌ಗೆ ಆಕಾಶ ಕೊಟ್ಟಿದ್ದದ್ದು ಏಳರಿಂದ ಏಳೂ ಇಪ್ಪತ್ತರವರೆಗೆ. ರಾಹುಕಾಲಕ್ಕೆ ಮುಂಚೆಯೇ ಎಲ್ಲ ಮುಗಿಯುತ್ತದೆ ಎಂದು ಪುರೋಹಿತರೂ ಒಪ್ಪಿದ್ದರು. ಆದರೆ ಮುಖ್ಯ ಅತಿಥಿ ಹೇಳಿದ ಸಮಯಕ್ಕೆ ಬಂದರೆ ಅವರನ್ನು ಮುಖ್ಯ ಎಂದು ಯಾರು ಕರೆಯುತ್ತಾರೆ? ದೊರೆಸ್ವಾಮಿ ಬಂದದ್ದು ಏಳೂ ಐದಕ್ಕೆ. ದೀಪ ಬೆಳಗಿದರು. ರಿಬ್ಬನ್ ಕತ್ತರಿಸಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ರನ್‌ವೇ ಮೇಲೆ ಕುಂಬಳಕಾಯಿ ಒಡೆಯಲು ಹೊರಟಾಗ ರಕ್ಷಿತಾ ಓಡಿ ಬಂದು ಕಾಯಿಯನ್ನೇ ಕಿತ್ತುಕೊಂಡಳು. "ಅಣ್ಣ, ಒಂದು ಬೀಜ ಬಿದ್ರೂ ಎಲ್ಲ ಗುಡಿಸ್ಬೇಕಾಗತ್ತೆ!" ಬದರಿಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಪೇಟ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಆಮೇಲೆ ದೊರೆಸ್ವಾಮಿ ಮೈಕು ಹಿಡಿದರು. ತಾವು ಚಿಕ್ಕಂದಿನಿಂದಲೂ ವಿಮಾನಪ್ರಿಯರು, ಸಾಮಾನ್ಯ ಜನರಿಗಾಗಿ ಇವತ್ತು ಪ್ರಾಣ ಒತ್ತೆಯಿಟ್ಟು ಹಾರುತ್ತಿರುವುದಾಗಿ ಹೇಳಿದರು. ಇಷ್ಟಾಗುವಾಗ ಏಳೂ ಇಪ್ಪತ್ತು ದಾಟಿತು. ರಕ್ಷಿತಾ ರೇಡಿಯೋದಲ್ಲಿ ಕೇಳಿಕೊಂಡಳು, ಕಾಡಿದಳು, ಕೊನೆಗೆ ಬಂದು ಹೇಳಿದಳು.

"ಏಳೂ ನಲವತ್ತರಿಂದ ಎಂಟು ಗಂಟೆ ಕೊಟ್ಟಿದಾರೆ. ಇದೇ ಕೊನೆ. ಇದು ಬಿಟ್ರೆ ಇವತ್ತಿಲ್ಲ."

ದೊರೆಸ್ವಾಮಿ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟವರು ಹಾಗೇ ನಿಂತರು. "ಸೋಮವಾರ ಅಲ್ವೇನಮ್ಮ ಇವತ್ತು? ಏಳೂವರೆಯಿಂದ ಒಂಬತ್ತು!" ಕಾಲು ಕೆಳಗೆ ಬಂತು. ಪ್ರಾಣ ಒತ್ತೆಯಿಡಲು ಅವರು ಸಿದ್ಧರಿದ್ದರು, ರಾಹುಕಾಲದಲ್ಲಿ ಮಾತ್ರ ಆಗುತ್ತಿರಲಿಲ್ಲ. ಮರಿಯಣ್ಣನ ಬೆನ್ನು ತಟ್ಟಿ, ತುರ್ತಾಗಿ ಇನ್ನೊಂದು ಕಾರ್ಯಕ್ರಮ ಇರುವುದನ್ನು ನೆನಪಿಸಿಕೊಂಡು, ಏಳೂ ಇಪ್ಪತ್ತೆಂಟಕ್ಕೆ ಕಾರು ಹತ್ತಿದರು. ಹೊರಡುವುದಕ್ಕೂ ರಾಹುಕಾಲ ಆಗದಲ್ಲ.

"ಅಂಕಲ್, ಬನ್ನಿ," ಎಂದಳು ರಕ್ಷಿತಾ. "ಸೀಟ್ ಖಾಲಿ ಇದೆ."

ಬದರಿ ಎರಡು ಹೆಜ್ಜೆ ಮುಂದೆ ಬಂದವರು ಮೂರು ಹೆಜ್ಜೆ ಹಿಂದೆ ಹೋದರು. ದೊರೆಸ್ವಾಮಿಯನ್ನು ನೋಡಿ ನಗುವುದು ಸುಲಭ, ಆದರೆ ಬದರಿಯೂ ಅದೇ ಗೋಡೆ ಕ್ಯಾಲೆಂಡರಿನ ಕೆಳಗೆ ಬಾಳಿದವರು. ಏಳೂವರೆ ದಾಟಿತ್ತು. ಅವರ ಕಣ್ಣು ವಿಮಾನದ ಮೇಲಿತ್ತು, ಕೈ ಜನಿವಾರದ ಮೇಲೆ. "ಬೇಡಮ್ಮ. ನೀನು ಹೋಗ್ಬಾ," ಎಂದರು, ಎಂದದ್ದು ಅವರಿಗೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟು ಹತ್ತಿರ ಬಂದದ್ದು ಕೈಬಿಟ್ಟು ಹೋಗುತ್ತಿತ್ತು, ಬಿಡುತ್ತಿದ್ದದ್ದು ತಾನೇ.

ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಿಂದ ಚೂಡಾಮಣಿ ಎದ್ದು ಬಂದರು. ಗಂಡನ ತಲೆಯ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಿವಿಯ ಹತ್ತಿರ ಬಾಗಿದರು.

"ಕ್ಯಾಲೆಂಡರ್‌ದು ಅಂದಾಜು ಲೆಕ್ಕ ರೀ. ನಮ್ಮಪ್ಪ ಯಾವತ್ತೂ ಅದನ್ನ ಒಪ್ಪಿದ್ದಿಲ್ಲ. ಸೋಮವಾರ, ಸೂರ್ಯ ಹುಟ್ಟಿ ಒಂದೂವರೆ ಗಂಟೆ ಆದ್ಮೇಲೆ ರಾಹುಕಾಲ. ಇವತ್ತು ಸೂರ್ಯೋದಯ ಆರೂ ನಲವತ್ತಕ್ಕೆ. ಎಂಟೂ ಹತ್ತರ ತನಕ ಏನೂ ಇಲ್ಲ. ಹೋಗಿ."

"ನಿಜವಾಗ್ಲೂನಾ?"

"ಗಳಿಗೆ ವಿಷಯದಲ್ಲಿ ನಾನು ಯಾವತ್ತಾದ್ರೂ ತಪ್ಪು ಹೇಳಿದೀನಾ?"

ಹೇಳಿರಲಿಲ್ಲ. ಬದರಿ ಶಾಲನ್ನೂ ಅವರ ಕೈಗೆ ಕೊಟ್ಟು ಹತ್ತಿ ಕೂತರು.

ಇಂಜಿನ್ ಗುಡುಗಿತು, ಸೀಟು ನಡುಗಿತು, ಚಕ್ರದ ಸದ್ದು ಇದ್ದಕ್ಕಿದ್ದ ಹಾಗೆ ನಿಂತಿತು. ಸದ್ದು ಯಾಕೆ ನಿಂತಿತು ಎಂದು ಬದರಿ ಗಾಬರಿಯಾದರು. ಆಮೇಲೆ ಗೊತ್ತಾಯಿತು, ಕೆಳಗೆ ನೆಲವಿರಲಿಲ್ಲ. ಅವರು ನೆಲವನ್ನು ನೋಡಲೇ ಇಲ್ಲ, ತಲೆಯ ಮೇಲಿನ ರೆಕ್ಕೆಯ ಹೊಲಿಗೆ ನೋಡಿದರು. ಬಟ್ಟೆ ಚೌಕಟ್ಟನ್ನು ಬಿಟ್ಟು ಏಳಲು ಎಳೆಯುತ್ತಿತ್ತು, ಎರಡೂವರೆ ಇಂಚಿಗೊಂದು ಗಂಟು ಅದನ್ನು ಹಿಡಿದಿತ್ತು. ಒಂದೊಂದು ಗಂಟಿನಲ್ಲೂ ಅರ್ಧ ತನ್ನದು, ಅರ್ಧ ಆಚೆ ಬದಿಯವಳದು. ಬದರಿಯ ಕಣ್ಣು ತುಂಬಿತು. ಗಾಳಿಗೆ ಎಂದು ಹೇಳಬಹುದಿತ್ತು, ಆದರೆ ಕೇಳುವವರು ಯಾರೂ ಇರಲಿಲ್ಲ.

ರಕ್ಷಿತಾ ವಿಮಾನವನ್ನು ಪೂರ್ವಕ್ಕೆ ತಿರುಗಿಸಿದಳು. ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಬದರಿ ಕೈ ಅಡ್ಡ ಹಿಡಿದರು. ಹಾಗೆ ಹಿಡಿದಾಗ ನೆನಪಾಯಿತು: ಇದೇ ಬಿಸಿಲು, ಹೆಬ್ಬಾಳದ ಕೆರೆ, ಸೆರಗು ಅಡ್ಡ ಹಿಡಿದ ಚೂಡಾಮಣಿ. ಆಗ ಗಂಟೆ ಆರು.

ಆರಕ್ಕೆಲ್ಲ ಕೆರೆಯ ಮೇಲೆ ಬಿಸಿಲು ಚೆಲ್ಲಿದ್ದ ಸೂರ್ಯ ಆರೂ ನಲವತ್ತಕ್ಕೆ ಮತ್ತೆ ಹೇಗೆ ಹುಟ್ಟಿದ?

ಬದರಿ ಬೆರಳು ಮಡಿಸಿ ಲೆಕ್ಕ ಹಾಕಿದರು. ಆರು, ಅದಕ್ಕೆ ಒಂದೂವರೆ. ಏಳೂವರೆ. ಗೋಡೆ ಕ್ಯಾಲೆಂಡರ್ ಹೇಳಿದ್ದೂ ಅದೇ. ವಾಚು ನೋಡಿದರು, ಏಳೂ ನಲವತ್ತೆಂಟು. ಅವರು ನಟ್ಟ ನಡು ರಾಹುಕಾಲದಲ್ಲಿ, ಸಾವಿರ ಅಡಿ ಮೇಲೆ, ಅರವತ್ತು ವರ್ಷ ಹಳೆಯ ವಿಮಾನದಲ್ಲಿ ಕೂತಿದ್ದರು, ಕೂರಿಸಿದ್ದು ಜೋಯಿಸರ ಮಗಳು. ರಾಹುಕಾಲದಲ್ಲಿ ಹಾಲಿಗೆ ಹೆಪ್ಪು ಹಾಕದವಳು.

ರನ್‌ವೇ ಪಕ್ಕದಲ್ಲಿ ಶಾಮಿಯಾನ ಕಾಣಿಸಿತು. ಜನರೆಲ್ಲ ಅದರ ನೆರಳಿನಲ್ಲಿ ತಿಂಡಿಯ ಸಾಲಿನಲ್ಲಿದ್ದರು. ಒಬ್ಬರು ಮಾತ್ರ ಬಯಲಿನಲ್ಲಿ ಒಂಟಿಯಾಗಿ ನಿಂತು ಮುಖ ಮೇಲೆತ್ತಿದ್ದರು.

ಇಳಿದಾಗ ಎಂಟಕ್ಕೆ ಮೂರು ನಿಮಿಷ. ಮರಿಯಣ್ಣ ಅಪ್ಪಿಕೊಂಡರು, ಫೋಟೋದವರು ಮುತ್ತಿದರು. ಬದರಿ ಅವರನ್ನೆಲ್ಲ ದಾಟಿ ಬಯಲಿಗೆ ಹೋದರು. ಚೂಡಾಮಣಿ ಪೇಟವನ್ನು ಎದೆಗೆ ಒತ್ತಿ ಹಿಡಿದಿದ್ದರು, ಅದರ ಜರಿ ಪೂರ್ತಿ ಸುಕ್ಕಾಗಿತ್ತು. ತುಟಿ ಇನ್ನೂ ಯಾವುದೋ ಸ್ತೋತ್ರಕ್ಕೆ ಅಲುಗುತ್ತಿತ್ತು.

"ಸೂರ್ಯ ಇವತ್ತು ಎಷ್ಟೊತ್ತಿಗೆ ಹುಟ್ಟಿದ್ದು ಕಣೆ?"

"ಐದೂ ಐವತ್ತೈದು," ಎಂದರು ಚೂಡಾಮಣಿ, ಮುಚ್ಚಿಡಲೂ ಇಲ್ಲ, ತಡಮಾಡಲೂ ಇಲ್ಲ. "ನಿಮ್ಮಪ್ಪ ಕೇಸರಿಬಾತ್ ತಿಂತಾ ಒಂದು ಕಾಗೆ ಹಾರಿಸಿದ್ರು. ನಾನೂ ಒಂದು ಹಾರಿಸಿದೆ. ಏನೀಗ?"

"ಏನಾದ್ರೂ ಆಗಿದ್ರೆ?"

ಚೂಡಾಮಣಿ ಪೇಟವನ್ನು ಗಂಡನ ಕೈಗೆ ಕೊಡಲು ಹೋದರು, ಅದು ಕೈ ಜಾರಿ ಕೆಳಗೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಹಣ್ಣಿನ ಬುಟ್ಟಿ ಇಬ್ಬರ ನಡುವೆ ಕೂತಿತ್ತು, ಮರಿಯಣ್ಣ ಹೇಳಿದ್ದಂತೆ ದೊಡ್ಡದೇ. ಬದರಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಫೋಟೋ ಆಗಲೇ ಐದನೇ ಕ್ರಾಸು ಮುಟ್ಟಿತ್ತು. ವೇಣುಗೋಪಾಲ್ ಬರೆದಿದ್ದರು: 'ನಿಂತಿರೋ ವಿಮಾನದಲ್ಲಿ ಕೂತು ತೆಗೆಸಿದ ಫೋಟೋ. ಕಾಗೆ!' ಬದರಿ ಓದಿ ನಕ್ಕು ಫೋನು ಜೇಬಿಗೆ ಹಾಕಿದರು.

ಹೆಬ್ಬಾಳದ ಹತ್ತಿರ ಚೂಡಾಮಣಿ ಬುಟ್ಟಿಯನ್ನು ಎತ್ತಿ ಕಾಲ ಬಳಿ ಇಟ್ಟರು. ಹೊರಗೆ ನೋಡುತ್ತಲೇ ಕೇಳಿದರು.

"ಮೇಲೆ ಹೇಗಿತ್ತು ರೀ?"

ನಲವತ್ತೆರಡು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಊರಿಗೆಲ್ಲ ಮೋಡ ಮಿಂಚು ಹಂಚಿದ್ದ ಬದರಿ ಚಪ್ಪಲಿ ಕಳಚಿ ಪಾದ ತಿಕ್ಕಿಕೊಂಡರು. ಕಾರು ಫ್ಲೈಓವರ್ ಇಳಿಯುವಾಗ ನಿಜವನ್ನೇ ಹೇಳಿದರು.

"ಕಾಲಿಗೆ ಸೆಖೆ ಕಣೆ. ಇಂಜಿನ್ ಅಲ್ಲೇ ಇರತ್ತೆ ನೋಡು."